ಫೀಸ್ ಕಟ್ಟೋದು ನಾನು, ಮಗನ ಮಾರ್ಕ್ಸ್ ಮಾತ್ರ ನನಗೆ ಹೇಳಲ್ಲ ಅಂದ್ರೆ ಹೇಗೆ?

ಪ್ರಶ್ನೆ: ಮೇಡಂ, ನಾವು ಹಾಸನದವರು. ಮಗ ಅಮೆರಿಕದ ಒಂದು ಸರ್ಕಾರಿ ಯೂನಿವರ್ಸಿಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಡಿಗ್ರಿ ಓದುತ್ತಿದ್ದಾನೆ. ಎರಡನೇ ವರ್ಷ, ವಯಸ್ಸು 19. ಮೊದಲ ವರ್ಷ ಮಾರ್ಕ್ಸ್ ಬಂದ ತಕ್ಷಣ ತಾನೇ ಫೋಟೋ ತೆಗೆದು ಕಳಿಸುತ್ತಿದ್ದ. ಈ ಜನವರಿಯಿಂದ ಏನು ಕೇಳಿದರೂ ‘ಎಲ್ಲಾ ಆರಾಮಾಗಿದೆ’ ಅಂತಷ್ಟೇ ಉತ್ತರ. ಅವನ ರೂಮಿನಲ್ಲಿರುವ ಹುಡುಗನ ಮನೆಯವರು ಹೇಳಿದರು, ಎರಡು ಕ್ಲಾಸ್ ಬಿಟ್ಟಿದ್ದಾನಂತೆ. ಕಾಲೇಜಿಗೆ ಫೋನ್ ಮಾಡಿದೆ, ಪಾಸ್‌ಪೋರ್ಟ್ ಕಾಪಿ, ಫೀಸ್ ಕಟ್ಟಿದ ರಸೀದಿ ಎಲ್ಲಾ ಮೇಲ್ ಮಾಡಿದೆ. ಫರ್ಪಾ ಅಂತ ಯಾವುದೋ ಕಾನೂನಿನ ಹೆಸರು ಹೇಳಿ ಕೈ ತೊಳೆದುಕೊಂಡರು. ಸೈಟ್ ಮೇಲೆ ಸಾಲ ತೆಗೆದು ಓದಿಸುತ್ತಿದ್ದೇನೆ. ಹೆತ್ತ ತಂದೆಗೆ ಹೇಳಲ್ಲ ಅನ್ನೋದು ಯಾವ ನ್ಯಾಯ? ಲಾಯರ್ ಮೂಲಕ, ಎಂಬಸಿ ಮೂಲಕ ಕೇಳಬಹುದಾ? ನಾನೇ ಅಲ್ಲಿಗೆ ಹೋದರೆ ಹೇಳ್ತಾರಾ?

ಉತ್ತರ: ಸರ್, ನಾನು ಶಿವಮೊಗ್ಗದವಳು. ಇಲ್ಲಿ ಅಮೆರಿಕದ ಒಂದು ಯೂನಿವರ್ಸಿಟಿಯಲ್ಲಿ ವಿದೇಶಿ ವಿದ್ಯಾರ್ಥಿಗಳ ಆಫೀಸಿನಲ್ಲಿ 14 ವರ್ಷ ಕೆಲಸ ಮಾಡಿದ್ದೇನೆ. ನೀವು ಮಾಡಿದಂಥ ಫೋನುಗಳನ್ನು ಎತ್ತುತ್ತಿದ್ದವಳು ನಾನೇ. ಆ ಕಡೆ ಒಬ್ಬ ಅಮ್ಮ ಅಳುತ್ತಿರುತ್ತಾರೆ. ಈ ಕಡೆ ನನ್ನ ಕಂಪ್ಯೂಟರಿನಲ್ಲಿ ಅವರ ಮಗನ ಗ್ರೇಡೆಲ್ಲಾ ತೆರೆದೇ ಇರುತ್ತದೆ. ಆದರೂ ‘ನಾನು ಹೇಳೋ ಹಾಗಿಲ್ಲಮ್ಮ’ ಅನ್ನಬೇಕು. ಫೋನ್ ಇಟ್ಟ ಮೇಲೆ ಎಷ್ಟೋ ಸಲ ಸುಮ್ನೆ ಕೂತಿದ್ದೇನೆ. ಹಾಗಾಗಿ ನಿಮ್ಮ ಸಂಕಟ ನನಗೆ ಗೊತ್ತು. ಆದರೂ ಆ ಆಫೀಸಿನವರು ಮಾಡಿದ್ದು ಸರಿ ಅಂತಲೇ ನಾನು ಹೇಳುತ್ತೇನೆ. ಯಾಕೆ ಅಂತ ಪೂರ್ತಿ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತೆ, ಸಮಾಧಾನವಾಗಿ ಓದಿ.

ಮೊದಲು ತೀರಾ ಮುಖ್ಯವಾದದ್ದು. ಆ ದಾಖಲೆ ನಿಮ್ಮ ಮಗನದು. ಅದನ್ನು ತೆರೆಯುವ ಕೀಲಿ ಅವನ ಕೈಯಲ್ಲಿದೆ, ಆಫೀಸಿನ ಕೈಯಲ್ಲಿ ಇಲ್ಲ. ನೀವು ಇಷ್ಟು ದಿನ ಕೀಲಿ ಇಲ್ಲದವರ ಬಾಗಿಲು ಬಡಿಯುತ್ತಿದ್ದೀರಿ, ಅಷ್ಟೇ.

ಫರ್ಪಾ ಅಂದರೆ ಕುಟುಂಬದ ಶಿಕ್ಷಣ ಹಕ್ಕು ಮತ್ತು ಖಾಸಗಿತನದ ಕಾನೂನು. 1974ರಲ್ಲಿ ಬಂತು. ನ್ಯೂಯಾರ್ಕಿನ ಸೆನೆಟರ್ ಜೇಮ್ಸ್ ಬಕ್ಲಿ ಅದನ್ನು ತಂದವರು, ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸಹಿ ಹಾಕಿದರು. ಕೇಳಿದರೆ ನಿಮಗೆ ಆಶ್ಚರ್ಯ ಆಗಬಹುದು, ಆ ಕಾನೂನು ಬಂದಿದ್ದೇ ಅಪ್ಪ ಅಮ್ಮಂದಿರಿಗಾಗಿ. ಆಗ ಸ್ಕೂಲುಗಳು ಮಕ್ಕಳ ಬಗ್ಗೆ ಫೈಲು ಇಟ್ಟುಕೊಂಡು, ಅದರಲ್ಲಿ ಏನು ಬರೆದಿದೆ ಅಂತ ಹೆತ್ತವರಿಗೇ ತೋರಿಸುತ್ತಿರಲಿಲ್ಲ. ಹೊರಗಿನವರಿಗೆ ಮಾತ್ರ ತೋರಿಸುತ್ತಿದ್ದರು. ಅದನ್ನು ತಪ್ಪಿಸೋಕೆ, ಫೈಲು ನೋಡುವ ಹಕ್ಕು ಹೆತ್ತವರದು, ಅವರ ಒಪ್ಪಿಗೆ ಇಲ್ಲದೆ ಬೇರೆಯವರಿಗೆ ಕೊಡಬಾರದು ಅಂತ ಕಾನೂನು ಮಾಡಿದರು. ಆದರೆ ಮಗುವಿಗೆ 18 ತುಂಬಿದ ದಿನ, ಅಥವಾ ಕಾಲೇಜು ಸೇರಿದ ದಿನ, ಎರಡರಲ್ಲಿ ಯಾವುದು ಮೊದಲೋ ಆವತ್ತು, ಅದೇ ಹಕ್ಕು ಇಡಿಯಾಗಿ ಅಪ್ಪ ಅಮ್ಮನಿಂದ ಮಗುವಿಗೆ ಹೋಗುತ್ತದೆ. ನಿಮ್ಮ ಮಗ 17ಕ್ಕೇ ಕಾಲೇಜು ಸೇರಿದ್ದರೂ ಇದೇ ಉತ್ತರ ಬರುತ್ತಿತ್ತು. ಅಪ್ಪನ ಹೆಸರಿನಲ್ಲಿದ್ದ ಜಮೀನು ಮಗನ ಹೆಸರಿಗೆ ಖಾತೆ ಬದಲಾವಣೆ ಆದ ಹಾಗೆ ಅಂದುಕೊಳ್ಳಿ. ಖಾತೆ ಬದಲಾದ ಮೇಲೆ ಪಹಣಿಯಲ್ಲಿ ಅವನ ಹೆಸರೇ ಬರೋದು.

‘ಫೀಸ್ ಕಟ್ಟೋದು ನಾನಲ್ವಾ?’ ಈ ಮಾತು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಲ್ಲ. ವೀಸಾಕ್ಕೆ ಅಂತ ಕಾಲೇಜು ಕೊಡುವ ಐ-20 ಫಾರಂ ಬರುವ ಮೊದಲು ನೀವು ಬ್ಯಾಂಕ್ ಪತ್ರ ಕೊಟ್ಟಿರುತ್ತೀರಿ, ಖರ್ಚು ನನ್ನದು ಅಂತ ಸಹಿ ಹಾಕಿರುತ್ತೀರಿ. ಆದ್ದರಿಂದ ಕಾಲೇಜು ಮತ್ತು ನಮ್ಮ ಮಧ್ಯೆ ಏನೋ ಒಪ್ಪಂದ ಆಗಿದೆ ಅನ್ನಿಸೋದು ಸಹಜ. ಆದರೆ ಆ ಸಹಿ ಹಾಕಿಸಿದ್ದು ಓದೋಕೆ ಸಾಕಷ್ಟು ದುಡ್ಡಿದೆ ಅಂತ ತೋರಿಸೋಕೆ ಮಾತ್ರ. ಮಾರ್ಕ್ಸ್ ನೋಡುವ ಹಕ್ಕು ಅದರಿಂದ ಬರಲ್ಲ. ಎಷ್ಟೋ ಕಡೆ ಮಗ ತನ್ನ ಖಾತೆಯಿಂದ ನಿಮ್ಮನ್ನು ಫೀಸ್ ಕಟ್ಟುವವರು ಅಂತ ಸೇರಿಸಿರುತ್ತಾನೆ, ಆಗ ನಿಮಗೆ ಬಿಲ್ ಕಾಣುತ್ತದೆ. ಬಿಲ್ ಮಾತ್ರ.

ಒಂದು ವಿನಾಯಿತಿ ಇದೆ, ಅದನ್ನು ಓದಿ ಬಹಳ ಜನ ಆಸೆ ಇಟ್ಟುಕೊಳ್ಳುತ್ತಾರೆ. ಮಗು ತಮ್ಮನ್ನೇ ಅವಲಂಬಿಸಿದೆ ಅಂತ ಅಪ್ಪನೋ ಅಮ್ಮನೋ ತೆರಿಗೆಯಲ್ಲಿ ತೋರಿಸಿದ್ದರೆ ಕಾಲೇಜು ಅವರಿಗೆ ಮಾಹಿತಿ ಕೊಡಬಹುದು. ಆದರೆ ಅದು ಅಮೆರಿಕದ ಆದಾಯ ತೆರಿಗೆ ಕಾನೂನಿನ ಪ್ರಕಾರ ತೋರಿಸಿದ್ದು. ಹಾಸನದಲ್ಲಿ ನೀವು ಕಟ್ಟುವ ತೆರಿಗೆ, ಇಲ್ಲಿ ಲೆಕ್ಕಕ್ಕೆ ಬರಲ್ಲ. ಇದು ಉಪಯೋಗಕ್ಕೆ ಬರೋದು ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಇರುವ ನಮ್ಮ ಕನ್ನಡದ ಅಪ್ಪ ಅಮ್ಮಂದಿರಿಗೆ. ಅವರ ಹತ್ತಿರವೂ ತೆರಿಗೆ ಕಾಗದ ಕೇಳುತ್ತಾರೆ. ಮತ್ತೆ ಆ ‘ಕೊಡಬಹುದು’ ಅನ್ನೋ ಪದ ಗಮನಿಸಿ. ಕೊಡಲೇಬೇಕು ಅಂತ ಕಾನೂನು ಹೇಳಲ್ಲ. ಎಲ್ಲಾ ಕಾಗದ ಸರಿ ಇದ್ದರೂ ‘ನಿಮ್ಮ ಮಗಳನ್ನೇ ಕೇಳಿ’ ಅನ್ನುವ ಕಾಲೇಜುಗಳು ಇವೆ.

ಲಾಯರ್ ವಿಷಯಕ್ಕೆ ಬರೋಣ. ದಯವಿಟ್ಟು ಅದಕ್ಕೆ ದುಡ್ಡು ಹಾಕಬೇಡಿ. ಹಕ್ಕು ಮಗನದು ಆದ್ದರಿಂದ ನೀವು ಕೇಸು ಹಾಕೋಕೆ ಬುಡವೇ ಇಲ್ಲ. ಅಷ್ಟೇ ಯಾಕೆ, ಈ ಕಾನೂನು ಮುರಿದರು ಅಂತ ವಿದ್ಯಾರ್ಥಿಯೇ ಕಾಲೇಜಿನ ಮೇಲೆ ಕೇಸು ಹಾಕುವ ಹಾಗಿಲ್ಲ ಅಂತ 2002ರಲ್ಲಿ ಗೊನ್ಜಾಗಾ ಯೂನಿವರ್ಸಿಟಿ ಪ್ರಕರಣದಲ್ಲಿ ಇಲ್ಲಿಯ ಸುಪ್ರೀಂ ಕೋರ್ಟೇ ಹೇಳಿಬಿಟ್ಟಿದೆ. ದೂರು ಇದ್ದರೆ ಶಿಕ್ಷಣ ಇಲಾಖೆಗೆ ಬರೆಯಬೇಕು, ಅದೂ ವಿದ್ಯಾರ್ಥಿಯೇ ಬರೆಯಬೇಕು. ಎಂಬಸಿ ಮತ್ತು ಕಾನ್ಸುಲೇಟಿನವರಿಗೂ ಕಾಲೇಜು ಮಾರ್ಕ್ಸ್ ಕೊಡಲ್ಲ. ಹುಡುಗ ಸಂಪರ್ಕಕ್ಕೇ ಸಿಗುತ್ತಿಲ್ಲ, ಆಸ್ಪತ್ರೆಯಲ್ಲಿದ್ದಾನೆ, ಪೊಲೀಸ್ ತೊಂದರೆ ಆಗಿದೆ ಅಂದರೆ ಕಾನ್ಸುಲೇಟ್ ಖಂಡಿತ ಸಹಾಯಕ್ಕೆ ಬರುತ್ತದೆ, ಅಂಥದ್ದಕ್ಕೆ ಭಾರತದ ವಿದೇಶಾಂಗ ಇಲಾಖೆಯ ಮದದ್ ಪೋರ್ಟಲ್ ಕೂಡ ಇದೆ. ಗ್ರೇಡ್ ಕೇಳೋಕೆ ಅಲ್ಲ.

ಇನ್ನೊಂದು ದಾರಿಯನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಯಾಕಂದರೆ ತುಂಬಾ ಜನ ಮಾಡುತ್ತಾರೆ. ಮಗನ ಪಾಸ್‌ವರ್ಡ್ ಹಾಕಿ ಕಾಲೇಜಿನ ಪೋರ್ಟಲ್ ಒಳಗೆ ಹೋಗೋದು. ಫೀಸ್ ಕಟ್ಟುವಾಗ ಮಗ ಕೊಟ್ಟಿರುತ್ತಾನೆ, ಡೈರಿಯಲ್ಲಿ ಬರೆದಿಟ್ಟಿರುತ್ತೀರಿ. ಬೇಡ ಸರ್. ಅದು ಕಾಲೇಜಿನ ನಿಯಮಕ್ಕೆ ವಿರುದ್ಧ, ಸಿಕ್ಕಿಬಿದ್ದರೆ ತೊಂದರೆ ಅವನಿಗೆ. ಮತ್ತೆ ಈಗ ಬಹುತೇಕ ಕಡೆ ಲಾಗಿನ್ ಆದ ತಕ್ಷಣ ಅವನ ಫೋನಿಗೆ ‘ಇದು ನೀವೇನಾ?’ ಅಂತ ಬರುತ್ತದೆ. ಇಲ್ಲಿ ನಡುರಾತ್ರಿ ಅವನ ಫೋನ್ ಮಿನುಗಿದಾಗ ಅವನಿಗೆ ಅರ್ಥ ಆಗೋದು ಒಂದೇ, ಅಪ್ಪ ನನ್ನನ್ನು ನಂಬಲ್ಲ ಅಂತ. ಅವನ ಹೆಸರಿನಲ್ಲಿ ನೀವೇ ಮೇಲ್ ಬರೆಯೋದಂತೂ ಬೇಡವೇ ಬೇಡ.

ಹಾಗಾದರೆ ನೀವು ಏನೂ ಮಾಡೋಕೆ ಆಗಲ್ವಾ? ಆಗುತ್ತೆ. ಈ ಭಾಗ ಯಾರೂ ಸರಿಯಾಗಿ ಹೇಳಲ್ಲ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಆ ಕಾನೂನು ಕಾಲೇಜಿನವರ ಬಾಯಿ ಕಟ್ಟುತ್ತದೆ. ಕಿವಿ ಕಟ್ಟಲ್ಲ. ನೀವು ಹೇಳಿದ್ದನ್ನು ಕೇಳಿಸಿಕೊಳ್ಳೋಕೆ ಅವರಿಗೆ ಯಾವ ಅಡ್ಡಿಯೂ ಇಲ್ಲ. ಆದರೆ ಹೆತ್ತವರು ಫೋನ್ ಮಾಡಿದಾಗ ‘ನನ್ನ ಮಗನ ಮಾರ್ಕ್ಸ್ ಎಷ್ಟು?’ ಅಂತ ಶುರು ಮಾಡುತ್ತಾರೆ. ಗುಮಾಸ್ತರು ‘ಫರ್ಪಾ’ ಅನ್ನುತ್ತಾರೆ. ಎರಡು ನಿಮಿಷದಲ್ಲಿ ಮುಗಿಯಿತು. ಅದರ ಬದಲು ವಿದ್ಯಾರ್ಥಿಗಳ ಯೋಗಕ್ಷೇಮ ನೋಡುವ ಡೀನ್ ಆಫ್ ಸ್ಟೂಡೆಂಟ್ಸ್ ಆಫೀಸಿಗೆ, ಅಥವಾ ಅವನ ವಿದೇಶಿ ವಿದ್ಯಾರ್ಥಿಗಳ ಆಫೀಸಿಗೆ ಹೀಗೆ ಬರೆಯಿರಿ: ‘ನನಗೆ ಮಾಹಿತಿ ಕೊಡಿ ಅಂತ ಕೇಳುತ್ತಿಲ್ಲ. ನನ್ನ ಮಗನ ಬಗ್ಗೆ ನಾನೇ ನಿಮಗೆ ಒಂದು ವಿಷಯ ತಿಳಿಸಬೇಕು. ಜನವರಿಯಿಂದ ಅವನು ಮೊದಲಿನ ಹಾಗೆ ಮಾತಾಡುತ್ತಿಲ್ಲ. ಕ್ಲಾಸ್ ಬಿಟ್ಟಿದ್ದಾನೆ ಅಂತ ಕೇಳಿದೆವು. ಯಾರಾದರೂ ಅವನನ್ನು ಒಮ್ಮೆ ಕರೆದು ಮಾತಾಡಿಸುತ್ತೀರಾ?’ ಇಷ್ಟು ಸಾಕು. ಅವರು ನಿಮಗೆ ‘ಮೇಲ್ ಸಿಕ್ಕಿತು’ ಅಂತ ಮಾತ್ರ ಉತ್ತರ ಬರೆಯಬಹುದು, ಬೇಜಾರು ಮಾಡಿಕೊಳ್ಳಬೇಡಿ. ಒಳಗೆ ಕೆಲಸ ಶುರುವಾಗಿರುತ್ತದೆ. ನಮ್ಮಲ್ಲಿ ಇಂಥ ಮೇಲ್ ಬಂದರೆ ಸಾಮಾನ್ಯವಾಗಿ ಅದೇ ವಾರ ಆ ಹುಡುಗನನ್ನು ಕಾಫಿಗೆ ಅಂತಲೋ ಫಾರಂ ನೋಡಬೇಕು ಅಂತಲೋ ಕರೆಸುತ್ತಿದ್ದೆವು.

ಅಲ್ಲೇ ಒಂದು ಎಚ್ಚರಿಕೆ. ನೀವು ಬರೆದ ಆ ಮೇಲ್ ಕಾಲೇಜು ಇಟ್ಟುಕೊಂಡರೆ ಅದೂ ನಿಮ್ಮ ಮಗನ ದಾಖಲೆ ಆಗುತ್ತದೆ. ಅವನು ನೋಡಬೇಕು ಅಂತ ಕೇಳಿದರೆ 45 ದಿನದ ಒಳಗೆ ತೋರಿಸಬೇಕು. ಹಾಗಾಗಿ ಪ್ರತಿ ಸಾಲನ್ನೂ ಅವನು ಮುಂದೆ ಒಂದು ದಿನ ಓದುತ್ತಾನೆ ಅಂದುಕೊಂಡೇ ಬರೆಯಿರಿ. ‘ಸೋಮಾರಿ’, ‘ಸುಳ್ಳ’ ಅಂತೆಲ್ಲಾ ಬೇಡ.

ಇನ್ನೊಂದು ಸಣ್ಣ ವಿಷಯ, ಆದರೆ ನಿಮ್ಮ ಈಗಿನ ಆತಂಕಕ್ಕೆ ನೇರ ಸಂಬಂಧ ಇರೋದು. ಎಲ್ಲಾ ಮಾಹಿತಿಯೂ ಗುಟ್ಟಲ್ಲ. ಹೆಸರು, ಯಾವ ವಿಷಯ ಓದುತ್ತಿದ್ದಾನೆ, ಯಾವಾಗಿನಿಂದ ಓದುತ್ತಿದ್ದಾನೆ, ಯಾವ ಡಿಗ್ರಿ ಪಡೆದ, ಈಗ ಪೂರ್ಣಾವಧಿ ವಿದ್ಯಾರ್ಥಿಯೋ ಅರೆಕಾಲಿಕವೋ, ಇವನ್ನೆಲ್ಲಾ ಡೈರೆಕ್ಟರಿ ಮಾಹಿತಿ ಅಂತ ಕಾನೂನು ಬೇರೆ ಇಟ್ಟಿದೆ. ಕಾಲೇಜು ತನ್ನ ಪಟ್ಟಿಯಲ್ಲಿ ಅದನ್ನು ಸೇರಿಸಿದ್ದರೆ, ಮತ್ತು ವಿದ್ಯಾರ್ಥಿ ‘ಕೊಡಬೇಡಿ’ ಅಂತ ತಡೆದಿಲ್ಲದಿದ್ದರೆ, ಯಾರು ಕೇಳಿದರೂ ಹೇಳಬಹುದು. ರಿಜಿಸ್ಟ್ರಾರ್ ಆಫೀಸಿಗೆ ಫೋನ್ ಮಾಡಿ, ‘ಡೈರೆಕ್ಟರಿ ಮಾಹಿತಿ ಮಾತ್ರ ಕೇಳುತ್ತಿದ್ದೇನೆ, ಈ ಸೆಮಿಸ್ಟರ್ ಅವನು ಪೂರ್ಣಾವಧಿಗೆ ದಾಖಲಾಗಿದ್ದಾನಾ?’ ಅಂತ ಕೇಳಿ ನೋಡಿ. ಗ್ರೇಡು, ಜಿಪಿಎ ಅಂದರೆ ಗ್ರೇಡುಗಳ ಸರಾಸರಿ, ಯಾವತ್ತೂ ಈ ಪಟ್ಟಿಗೆ ಬರಲ್ಲ.

ಪೂರ್ಣಾವಧಿ ಅನ್ನೋದು ನಿಮಗೆ ಯಾಕೆ ಮುಖ್ಯ ಅಂದರೆ, ಅವನದು ಎಫ್-1, ಅಂದರೆ ವಿದ್ಯಾರ್ಥಿ ವೀಸಾ. ಡಿಗ್ರಿ ವಿದ್ಯಾರ್ಥಿ ಸೆಮಿಸ್ಟರಿಗೆ ಕಡಿಮೆ ಅಂದರೂ 12 ಕ್ರೆಡಿಟ್ ಓದಲೇಬೇಕು, ಅದರಲ್ಲಿ ಆನ್‌ಲೈನ್ ಕ್ಲಾಸ್ ಒಂದು ಮಾತ್ರ ಲೆಕ್ಕಕ್ಕೆ. ಇಲ್ಲಿ ಕ್ಲಾಸ್ ಅಂದರೆ ಸೆಮಿಸ್ಟರ್ ಪೂರ್ತಿ ಓದುವ ಒಂದು ವಿಷಯ, ಒಂದಕ್ಕೆ ಸಾಮಾನ್ಯವಾಗಿ 3 ಕ್ರೆಡಿಟ್. ಐದು ಕ್ಲಾಸ್ ತೆಗೆದುಕೊಂಡು ಒಂದು ಬಿಟ್ಟರೆ 12 ಉಳಿಯುತ್ತದೆ, ತೊಂದರೆ ಇಲ್ಲ. ಎರಡು ಬಿಟ್ಟರೆ 9. ಆಗ ಬಿಡುವ ಮೊದಲೇ ವಿದೇಶಿ ವಿದ್ಯಾರ್ಥಿಗಳ ಆಫೀಸಿನ ಒಪ್ಪಿಗೆ ಬೇಕು. ಹೊಸ ದೇಶದ ಓದಿನ ರೀತಿಗೆ ಹೊಂದಿಕೊಳ್ಳೋಕೆ ಆಗದೆ ಕಷ್ಟಪಟ್ಟಿದ್ದರೆ ಒಂದು ಸಲ, ಆರೋಗ್ಯದ ಕಾರಣಕ್ಕೆ ಡಾಕ್ಟರ್ ಪತ್ರ ಇದ್ದರೆ ಒಟ್ಟು 12 ತಿಂಗಳವರೆಗೆ, ಹೀಗೆ ಒಪ್ಪಿಗೆ ಕೊಡೋಕೆ ನಿಯಮದಲ್ಲೇ ಅವಕಾಶ ಇದೆ. ಕೇಳದೆ ಬಿಟ್ಟರೆ ಮಾತ್ರ ಕಾಲೇಜು ಅದನ್ನು ಸರ್ಕಾರದ ಸೆವಿಸ್ ಅನ್ನುವ ಕಂಪ್ಯೂಟರ್ ದಾಖಲೆಯಲ್ಲಿ ಹಾಕಲೇಬೇಕು, ಇಲ್ಲಿ ವಿದ್ಯಾರ್ಥಿಯಾಗಿ ಉಳಿಯುವ ಅರ್ಹತೆ ಹೋಗುತ್ತದೆ. ಅಪ್ಪನಿಗೆ ಹೇಳದ್ದನ್ನು ಸರ್ಕಾರಕ್ಕೆ ಹೇಳುತ್ತಾರಾ ಅಂತ ಕೇಳಬಹುದು. ಹೌದು, ಎಫ್-1 ವಿದ್ಯಾರ್ಥಿಗಳ ವಿಷಯದಲ್ಲಿ ಅಷ್ಟು ಮಾಹಿತಿ ಸರ್ಕಾರಕ್ಕೆ ಕೊಡೋದನ್ನು ಫರ್ಪಾ ತಡೆಯಲ್ಲ.

ಇದಕ್ಕೇ ನಾನು ಹೇಳೋದು, ಮಗನಿಗೆ ಫೋನ್ ಮಾಡಿದಾಗ ‘ಮಾರ್ಕ್ಸ್ ಎಷ್ಟು ಬಂತು?’ ಅಂತ ಕೇಳಬೇಡಿ. ‘ಈಗ ಎಷ್ಟು ಕ್ರೆಡಿಟ್ ಇದೆ? ಬಿಡುವ ಮೊದಲು ಇಂಟರ್‌ನ್ಯಾಷನಲ್ ಆಫೀಸಿನವರನ್ನು ಕೇಳಿದ್ಯಾ?’ ಅಂತ ಕೇಳಿ. ಮಾರ್ಕ್ಸ್ ಕೇಳಿದರೆ ಅವನು ತಪ್ಪಿತಸ್ಥನ ಹಾಗೆ ನಿಲ್ಲಬೇಕು. ಇದನ್ನು ಕೇಳಿದರೆ ನೀವು ಅವನ ಕಡೆ ನಿಂತ ಹಾಗೆ. ಬಿಟ್ಟ ಕ್ಲಾಸಿಗೆ ಮಾರ್ಕ್ಸ್ ಕಾರ್ಡಿನಲ್ಲಿ ಡಬ್ಲ್ಯೂ ಅಂತ ಬರುತ್ತದೆ, ಜಿಪಿಎ ಲೆಕ್ಕಕ್ಕೆ ಸೇರಲ್ಲ. ಫೇಲಾಗೋದಕ್ಕಿಂತ ಕೊನೆಯ ದಿನಾಂಕದ ಒಳಗೆ ಬಿಡೋದು ಎಷ್ಟೋ ಸಲ ಬುದ್ಧಿವಂತಿಕೆ. ನಾನೇ ನೂರಾರು ಮಕ್ಕಳಿಗೆ ಬಿಡು ಅಂತ ಹೇಳಿದ್ದೇನೆ. ಹಾಗಾಗಿ ‘ಎರಡು ಕ್ಲಾಸ್ ಬಿಟ್ಟಿದ್ದಾನಂತೆ’ ಅನ್ನೋ ಒಂದು ಮಾತಿನಿಂದ ಹುಡುಗ ಹಾಳಾದ ಅಂತ ತೀರ್ಮಾನಕ್ಕೆ ಬರಬೇಡಿ.

ಒಬ್ಬ ಹುಡುಗನ ಕಥೆ ಹೇಳುತ್ತೇನೆ, ಗುರುತು ಸಿಗದ ಹಾಗೆ ಸ್ವಲ್ಪ ಬದಲಾಯಿಸಿದ್ದೇನೆ. ನಮ್ಮ ಕಡೆಯವನೇ. ಎರಡು ವಿಷಯ ಫೇಲ್. ನನ್ನ ಎದುರು ಕುರ್ಚಿಯಲ್ಲಿ ಬ್ಯಾಗ್ ಕೂಡ ಕೆಳಗಿಡದೆ ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದ. ಮನೆಯಲ್ಲಿ ಹೇಳಿದ್ಯಾ ಅಂದೆ. ಮಾತಾಡದೆ ಫೋನ್ ತೆಗೆದು ನನ್ನ ಕಡೆ ತಿರುಗಿಸಿದ. ವಾಟ್ಸಾಪಿನಲ್ಲಿ ಅಪ್ಪನಿಗೆ ಟೈಪ್ ಮಾಡಿ ಕಳಿಸದೆ ಬಿಟ್ಟ ಮೆಸೇಜು. ‘ಅಪ್ಪಾ ಒಂದು ವಿಷ್ಯ ಹೇಳ್ಬೇಕು’ ಅಂತ ಶುರುವಾಗಿ ಅಲ್ಲೇ ನಿಂತಿತ್ತು. ಹನ್ನೊಂದು ದಿನದಿಂದ ಹಾಗೇ ಇದೆ ಮೇಡಂ ಅಂದ. ನಾನು ಹೇಳಿದೆ, ನೀನು ಒಪ್ಪಿಗೆ ಕೊಟ್ಟರೆ ನಾವಿಬ್ಬರೂ ಸೇರಿ ಮಾತಾಡೋಣ. ಫಾರಂ ಕೊಟ್ಟೆ. ಅಪ್ಪನ ಹೆಸರು ಬರೆದ, ಯಾವ ದಾಖಲೆ ಅನ್ನೋ ಕಡೆ ‘ಗ್ರೇಡ್’ ಅಂತ ಬರೆದ, ದಿನಾಂಕ ಹಾಕಿ ಸಹಿ ಮಾಡಿದ. ಆಗ ಇಲ್ಲಿ ಬೆಳಿಗ್ಗೆ ಎಂಟು, ಊರಿನಲ್ಲಿ ರಾತ್ರಿ ಏಳೂವರೆ. ಸ್ಪೀಕರ್ ಹಾಕಿ ಫೋನ್ ಮಾಡಿದೆವು. ಹಿಂದೆ ಟಿವಿ ನ್ಯೂಸ್ ಜೋರಾಗಿತ್ತು. ಹುಡುಗ ವಿಷಯ ಹೇಳಿದ. ಟಿವಿ ಶಬ್ದ ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಆ ತಂದೆ ಕೇಳಿದ್ದು, ‘ಸಪ್ಲಿಮೆಂಟರಿ ಯಾವಾಗಪ್ಪ?’

ಇಲ್ಲಿ ಸಪ್ಲಿಮೆಂಟರಿ ಅನ್ನೋದು ಇಲ್ಲ. ಫೇಲಾದರೆ ಆ ಕ್ಲಾಸನ್ನು ಮೊದಲಿನಿಂದ ಪೂರ್ತಿ ಇನ್ನೊಂದು ಸೆಮಿಸ್ಟರ್ ಓದಬೇಕು, ಫೀಸೂ ಇನ್ನೊಂದು ಸಲ ಕಟ್ಟಬೇಕು. ಆ ಹುಡುಗ ಬಾಯಿ ಬಿಡದೆ ಇದ್ದಿದ್ದು ಫೇಲಾದ ನಾಚಿಕೆಗೆ ಅಲ್ಲ, ಈ ಇನ್ನೊಂದು ಫೀಸಿನ ಮಾತು ಹೇಳೋಕೆ ಧೈರ್ಯ ಬರದೆ. ಅಪ್ಪ ಸಾಲ ಮಾಡಿದ್ದು ಅವನಿಗೆ ಗೊತ್ತು. ನೀವು ಸೈಟಿನ ಸಾಲದ ಬಗ್ಗೆ ಬರೆದಿದ್ದು ಓದಿದಾಗ ನನಗೆ ತಕ್ಷಣ ನೆನಪಾಗಿದ್ದು ಅವನೇ. ನಿಮ್ಮ ಮಗನಿಗೂ ಆ ಸಾಲದ ಲೆಕ್ಕ ಬಾಯಿಪಾಠ ಇರುತ್ತದೆ, ನನಗೆ ಅನುಮಾನವೇ ಇಲ್ಲ. ‘ಇನ್ನೊಂದು ಸೆಮಿಸ್ಟರ್ ಜಾಸ್ತಿ ಆದರೂ ನೋಡಿಕೊಳ್ಳೋಣ, ನೀನು ಮೊದಲು ಏನಾಗಿದೆ ಅಂತ ಹೇಳು’ ಅಂತ ನಿಮ್ಮ ಬಾಯಿಂದ ಬಂದರೆ ನಾಳೆಯೇ ಮಾರ್ಕ್ಸ್ ಕಾರ್ಡ್ ವಾಟ್ಸಾಪಿಗೆ ಬರುವ ಸಾಧ್ಯತೆ ಇದೆ. ಆ ಮಾತು ನಿಜಕ್ಕೂ ಹೇಳುವ ಸ್ಥಿತಿ ನಿಮಗೆ ಇಲ್ಲದಿದ್ದರೆ ಅದನ್ನೂ ಹೇಳಿ, ‘ಇಷ್ಟು ದುಡ್ಡು ಇದೆ, ಇದರಲ್ಲಿ ಹೇಗೆ ಮುಗಿಸೋದು ಅಂತ ಇಬ್ಬರೂ ಕೂತು ಲೆಕ್ಕ ಹಾಕೋಣ’ ಅಂತ. 19 ವರ್ಷದವನು, ಅವನ ಜೊತೆ ಲೆಕ್ಕ ಹಾಕಬಹುದು.

ಅವನು ಒಪ್ಪಿದರೆ ಕಾಗದದ ಕೆಲಸ ಹತ್ತು ನಿಮಿಷದ್ದು. ಬಹುತೇಕ ಯೂನಿವರ್ಸಿಟಿಗಳಲ್ಲಿ ವಿದ್ಯಾರ್ಥಿ ತನ್ನ ಪೋರ್ಟಲ್ ಒಳಗೆ ಹೋಗಿ ಅಪ್ಪನಿಗೋ ಅಮ್ಮನಿಗೋ ಬೇರೆ ಲಾಗಿನ್ ಕೊಡಬಹುದು, ಪ್ರಾಕ್ಸಿ ಅಥವಾ ಗೆಸ್ಟ್ ಅಕ್ಸೆಸ್ ಅನ್ನುತ್ತಾರೆ. ಏನೇನು ಕಾಣಬೇಕು ಅಂತ ಅವನೇ ಟಿಕ್ ಹಾಕುತ್ತಾನೆ: ಗ್ರೇಡ್, ಬಿಲ್, ಟೈಮ್‌ಟೇಬಲ್. ಇಲ್ಲದಿದ್ದರೆ ರಿಜಿಸ್ಟ್ರಾರ್ ಆಫೀಸಿನಲ್ಲಿ ಒಪ್ಪಿಗೆ ಫಾರಂ ಇರುತ್ತದೆ, ಯಾವ ದಾಖಲೆ, ಯಾಕೆ, ಯಾರಿಗೆ ಅಂತ ಬರೆದು ಸಹಿ ಮತ್ತು ದಿನಾಂಕ ಹಾಕಬೇಕು. ಕೆಲವು ಕಡೆ ಒಂದು ಗುಪ್ತಪದ ಇಡಿಸುತ್ತಾರೆ, ನೀವು ಫೋನ್ ಮಾಡಿದಾಗ ಅದನ್ನು ಹೇಳಿದರೆ ಮಾತ್ರ ಮಾತಾಡುತ್ತಾರೆ. ಆ ಒಪ್ಪಿಗೆಯನ್ನು ಅವನು ಯಾವಾಗ ಬೇಕಾದರೂ ವಾಪಸ್ ತೆಗೆದುಕೊಳ್ಳಬಹುದು. ಇವೆಲ್ಲಾ ದೊಡ್ಡದಾಯಿತು ಅನ್ನಿಸಿದರೆ, ಸೆಮಿಸ್ಟರ್ ಮುಗಿದ ಮೇಲೆ ಪೋರ್ಟಲಿನಿಂದ ಅನಫಿಷಿಯಲ್ ಟ್ರಾನ್ಸ್‌ಕ್ರಿಪ್ಟ್, ಅಂದರೆ ಸೀಲಿಲ್ಲದ ಮಾರ್ಕ್ಸ್ ಕಾರ್ಡ್, ಪಿಡಿಎಫ್ ತೆಗೆದು ಕಳಿಸು ಅಂದರೆ ಆಯಿತು, ಅದನ್ನು ತೆಗೆಯೋಕೆ ಸಾಮಾನ್ಯವಾಗಿ ದುಡ್ಡೂ ಇಲ್ಲ. ಬ್ಯಾಂಕಿನವರು ಸಾಲದ ಮುಂದಿನ ಕಂತಿಗೆ ಕೇಳಿದರೂ ಅದೇ ಬೇಕಾಗೋದು.

ಹಾಗಂತ ಒಪ್ಪಿಗೆ ಕೊಡದಿದ್ದರೆ ಫೀಸ್ ಕಟ್ಟಲ್ಲ ಅಂತ ಹೆದರಿಸಬೇಡಿ. ಹಾಗೆ ಬೆದರಿಸಿ ಹಾಕಿಸಿದ ಸಹಿಗಳನ್ನು ನಾನು ನೋಡಿದ್ದೇನೆ. ಸೋಮವಾರ ಸಹಿ ಹಾಕಿ ಗುರುವಾರ ಬಂದು ರದ್ದು ಮಾಡಿ ಹೋಗುತ್ತಾರೆ. ಆಮೇಲೆ ಮನೆಗೆ ಫೋನ್ ಕೂಡ ಮಾಡಲ್ಲ.

ಈಗ ಇದಕ್ಕಿಂತ ಗಂಭೀರ ವಿಷಯ. ಜೀವಕ್ಕೆ ಅಪಾಯ ಇದೆ ಅನ್ನಿಸಿದಾಗ ಕಾನೂನು ಬಾಗಿಲು ತೆರೆಯುತ್ತದೆ. 2007ರ ಏಪ್ರಿಲ್‌ನಲ್ಲಿ ವರ್ಜೀನಿಯಾ ಟೆಕ್‌ನಲ್ಲಿ ಒಬ್ಬ ವಿದ್ಯಾರ್ಥಿ 32 ಜನರನ್ನು ಕೊಂದ. ಆಮೇಲೆ ನಡೆದ ವಿಚಾರಣೆಯಲ್ಲಿ ಗೊತ್ತಾಯಿತು, ಆ ಹುಡುಗನ ಸ್ಥಿತಿಯ ಬಗ್ಗೆ ಬೇರೆ ಬೇರೆಯವರಿಗೆ ಬೇರೆ ಬೇರೆ ವಿಷಯ ಗೊತ್ತಿತ್ತು, ಖಾಸಗಿತನದ ಕಾನೂನನ್ನು ತಪ್ಪಾಗಿ ತಿಳಿದುಕೊಂಡು ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. 2008ರಲ್ಲಿ ಫರ್ಪಾ ನಿಯಮವನ್ನು ಸಡಿಲ ಮಾಡಿದರು. ವಿದ್ಯಾರ್ಥಿಗೋ ಬೇರೆಯವರಿಗೋ ದೊಡ್ಡ ಅಪಾಯ ಇದೆ ಅಂತ ಕಾರಣ ಸಮೇತ ಅನ್ನಿಸಿದರೆ ಕಾಲೇಜು ಅವನ ಒಪ್ಪಿಗೆ ಇಲ್ಲದೆ ಅಪ್ಪ ಅಮ್ಮನಿಗೆ ತಿಳಿಸಬಹುದು. 21 ತುಂಬದವನು ಕುಡಿತ, ಡ್ರಗ್ಸ್ ವಿಷಯದಲ್ಲಿ ನಿಯಮ ಮುರಿದರೂ ತಿಳಿಸಬಹುದು, ಅದು 1998ರಿಂದ ಇದೆ. ಇಲ್ಲೂ ‘ತಿಳಿಸಬಹುದು’ ಅಷ್ಟೇ, ಕಡ್ಡಾಯ ಇಲ್ಲ.

ಆದ್ದರಿಂದ ನಿಮ್ಮ ಮಗ ಊಟ ಬಿಟ್ಟಿದ್ದಾನೆ, ನಿದ್ದೆ ಇಲ್ಲ, ‘ಬದುಕಿ ಏನು ಪ್ರಯೋಜನ’ ಅನ್ನೋ ಥರ ಮಾತಾಡಿದ, ಎರಡು ದಿನದಿಂದ ಫೋನ್ ಎತ್ತಿಲ್ಲ, ಹೀಗೇನಾದರೂ ಇದ್ದರೆ ಈ ಉತ್ತರ ಓದೋದು ಇಲ್ಲಿಗೇ ನಿಲ್ಲಿಸಿ ಫೋನ್ ಮಾಡಿ. ಮೇಲ್ ಬೇಡ. ಕ್ಯಾಂಪಸ್ ಪೊಲೀಸ್ ನಂಬರ್ ಯೂನಿವರ್ಸಿಟಿ ವೆಬ್‌ಸೈಟಿನಲ್ಲಿ ಇರುತ್ತದೆ, ರಾತ್ರಿ ಹಗಲು ಎತ್ತುತ್ತಾರೆ. ‘ವೆಲ್‌ನೆಸ್ ಚೆಕ್ ಬೇಕು’ ಅಂತ ಇದೇ ಪದ ಬಳಸಿ ಹೇಳಿ, ಅವನ ಹೆಸರು, ರೂಮಿನ ವಿಳಾಸ ಕೊಡಿ. ಹೋಗಿ ಬಾಗಿಲು ತಟ್ಟಿ ನೋಡುತ್ತಾರೆ. ಅದಕ್ಕೆ ಯಾರ ಒಪ್ಪಿಗೆಯೂ ಬೇಕಾಗಿಲ್ಲ. ಹಾಸ್ಟೆಲಿನಲ್ಲಿ ಇರುವ ವಿದ್ಯಾರ್ಥಿ ಕಾಣೆಯಾಗಿದ್ದಾನೆ ಅಂತ ಖಚಿತ ಆದರೆ 24 ಗಂಟೆಯ ಒಳಗೆ ಪೊಲೀಸರಿಗೂ, ಅವನು ಬರೆದುಕೊಟ್ಟ ಸಂಪರ್ಕದ ವ್ಯಕ್ತಿಗೂ ತಿಳಿಸಬೇಕು ಅಂತ ಬೇರೆಯೇ ಕಾನೂನಿದೆ. ಆ ಸಂಪರ್ಕದ ಹೆಸರು ಯಾರದ್ದು ಹಾಕಿದ್ದೀಯಾ ಅಂತ ಮಗನನ್ನು ಕೇಳಿ. ಎಷ್ಟೋ ಮಕ್ಕಳು ಬಂದ ಮೊದಲ ವಾರದ ಗಡಿಬಿಡಿಯಲ್ಲಿ ಆ ಜಾಗ ಖಾಲಿ ಬಿಟ್ಟಿರುತ್ತಾರೆ, ಇಲ್ಲ ಹಳೆಯ ರೂಮ್‌ಮೇಟ್ ಹೆಸರು ಇರುತ್ತದೆ.

ನಮ್ಮೂರಿನಲ್ಲಿ ಹೀಗಿಲ್ಲ, ಅದಕ್ಕೇ ನಿಮಗೆ ಇದು ಇಷ್ಟು ಚುಚ್ಚೋದು. ನಾನು ಪಿಯುಸಿ ಓದುವಾಗ ಮಾರ್ಕ್ಸ್ ಪಟ್ಟಿ ನೋಟಿಸ್ ಬೋರ್ಡಿನಲ್ಲಿ ಅಂಟಿಸುತ್ತಿದ್ದರು, ಬಸ್ ಸ್ಟ್ಯಾಂಡಿನವರಿಗೂ ನಮ್ಮ ಕೆಮಿಸ್ಟ್ರಿ ಮಾರ್ಕ್ಸ್ ಗೊತ್ತು. ಈಗ ಇಂಜಿನಿಯರಿಂಗ್ ಕಾಲೇಜುಗಳು ಒಂದು ದಿನ ಗೈರು ಆದರೂ ಅಪ್ಪನಿಗೆ ಮೆಸೇಜ್ ಕಳಿಸುತ್ತವೆ. ವಿಟಿಯು ರಿಸಲ್ಟ್ ದಿನ ವಿದ್ಯಾರ್ಥಿಯ ನಂಬರ್ ಯುಎಸ್ಎನ್ ಗೊತ್ತಿದ್ದರೆ ಪಕ್ಕದ ಮನೆಯವರೂ ನೋಡಬಹುದು. ಆದರೆ ಭಾರತದಲ್ಲೂ 18 ತುಂಬಿದವರು ಕಾನೂನಿನ ಕಣ್ಣಿಗೆ ದೊಡ್ಡವರೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ಕೂಡ ಹೆತ್ತವರ ಒಪ್ಪಿಗೆ ಕೇಳೋದು 18ರ ಒಳಗಿನವರಿಗೆ. ಮುಂದೆ ನಮ್ಮ ಕಾಲೇಜುಗಳಿಗೂ ಈ ಪ್ರಶ್ನೆ ಬರುತ್ತದೆ. ಬರಬೇಕು ಅಂತಲೇ ನನ್ನ ಆಸೆ, ಯಾಕಂದರೆ ಮಾರ್ಕ್ಸ್ ಕಡಿಮೆ ಬಂತು ಅಂತ ಮದುವೆ ಮಾಡಿ ಓದು ನಿಲ್ಲಿಸಿದ ಹುಡುಗಿಯರನ್ನು ನಾನು ನೋಡಿದ್ದೇನೆ. ನನ್ನ ಕ್ಲಾಸಿನಲ್ಲೇ ಇದ್ದರು. ಅವರ ಮಾರ್ಕ್ಸ್ ಮೊದಲು ಅವರ ಕೈಗೆ ಬಂದಿದ್ದರೆ ಒಂದು ವಾರ ಯೋಚನೆ ಮಾಡೋಕಾದರೂ ಸಮಯ ಸಿಗುತ್ತಿತ್ತು. ನಿಮ್ಮ ಮನೆ ಅಂಥದ್ದು ಅಂತ ನಾನು ಖಂಡಿತ ಹೇಳುತ್ತಿಲ್ಲ. ಕಾನೂನು ಮಾಡುವವರು ಎಲ್ಲಾ ಥರದ ಮನೆಗಳನ್ನೂ ನೆನಪಿಟ್ಟುಕೊಂಡು ಮಾಡಬೇಕಾಗುತ್ತದೆ, ಆಫೀಸಿನ ಗುಮಾಸ್ತರಿಗೆ ಫೋನಿನ ಆ ಕಡೆ ಇರೋದು ಯಾವ ಥರದ ಅಪ್ಪ ಅಂತ ಗೊತ್ತಾಗಲ್ಲ.

ಅದೇ ಕಾರಣಕ್ಕೆ ಪಾಸ್‌ಪೋರ್ಟ್ ಕಾಪಿ ಎಲ್ಲಾ ಮೇಲ್ ಮಾಡೋದನ್ನು ನಿಲ್ಲಿಸಿ. ನೀವು ತಂದೆ ಅಂತ ಅವರು ನಂಬಿಲ್ಲ ಅಂತಲ್ಲ, ನಂಬಿದರೂ ಉತ್ತರ ಬದಲಾಗಲ್ಲ. ಸುಮ್ನೆ ನಿಮ್ಮ ಕಾಗದಗಳು ಯಾರು ಯಾರ ಇನ್‌ಬಾಕ್ಸಿನಲ್ಲೋ ಬಿದ್ದಿರುತ್ತವೆ.

ಕೊನೆಗೆ, ನೀವೇ ಇಲ್ಲಿಗೆ ಬಂದರೆ ಹೇಳ್ತಾರಾ ಅಂತ ಕೇಳಿದ್ದೀರಿ. ಒಬ್ಬರೇ ಹೋಗಿ ಕೌಂಟರಿನಲ್ಲಿ ನಿಂತರೆ ಹೇಳಲ್ಲ. ಕುರ್ಚಿ ಕೊಡುತ್ತಾರೆ, ನೀರು ಕೊಡುತ್ತಾರೆ, ಫೋನಿನಲ್ಲಿ ಹೇಳಿದ್ದನ್ನೇ ಮತ್ತೆ ಹೇಳುತ್ತಾರೆ. ಆದರೆ ಬರೋದೇ ಆದರೆ ಮೊದಲು ಮಗನಿಗೆ ತಿಳಿಸಿ ಬನ್ನಿ. ಸೆಮಿಸ್ಟರ್ ಪರೀಕ್ಷೆ ಸಾಮಾನ್ಯವಾಗಿ ಮೇ ಮೊದಲೆರಡು ವಾರದಲ್ಲಿ ಮುಗಿಯುತ್ತದೆ, ಅದಾದ ಮೇಲೆ ಬಂದರೆ ಅವನಿಗೂ ಬಿಡುವು ಇರುತ್ತದೆ. ಯಾವ ಕ್ಲಾಸ್ ತೆಗೆದುಕೊಳ್ಳಬೇಕು ಅಂತ ಸಲಹೆ ಕೊಡುವ ಅವನ ಅಡ್ವೈಸರ್ ಹತ್ತಿರ ಅವನ ಕೈಯಲ್ಲೇ ಅರ್ಧ ಗಂಟೆ ಸಮಯ ತೆಗೆದುಕೊಳ್ಳೋಕೆ ಹೇಳಿ, ಇಬ್ಬರೂ ಒಟ್ಟಿಗೆ ಹೋಗಿ. ಅವನು ಅಲ್ಲೇ ಫಾರಂಗೆ ಸಹಿ ಹಾಕಿ ನಿಮ್ಮ ಪಕ್ಕದಲ್ಲಿ ಕೂತರೆ, ಅಡ್ವೈಸರ್ ಕಂಪ್ಯೂಟರ್ ಪರದೆಯನ್ನೇ ನಿಮ್ಮ ಕಡೆ ತಿರುಗಿಸಿ ಒಂದೊಂದು ಕ್ಲಾಸೂ ತೋರಿಸುತ್ತಾರೆ, ಡಿಗ್ರಿ ಮುಗಿಯೋಕೆ ಇನ್ನೆಷ್ಟು ಕ್ರೆಡಿಟ್ ಬಾಕಿ ಇದೆ ಅಂತ ಲೆಕ್ಕ ಪ್ರಿಂಟ್ ಹಾಕಿ ಕೊಡುತ್ತಾರೆ. ಮಗನಿಗೆ ಐಡಿ ಕಾರ್ಡ್ ಮರೆಯಬೇಡ ಅಂತ ಹೇಳಿ.